ಶಿಶುಗಳಿಗೆ ಕಥೆ ಹೇಳತಕ್ಕವರು ಯಾರು?

ಕಳೆದ ವರುಷ ಮಳೆಗಾಲಕ್ಕೆ ಮುಂಚೆ ನಮ್ಮ ಸಭೆಯ ಸ್ತ್ರೀಸಮಾಜದವರಲ್ಲಿ ಕೆಲವರು ನಮ್ಮ ಬಳಿಗೆ ಬಂದು, ನೆರೆಯೂರಿನ ಶಿಶುಗೃಹದಲ್ಲಿರುವ ಚಿಕ್ಕ ಮಕ್ಕಳಿಗೆ ಕಥೆ ಹೇಳುವದಕ್ಕೆ ಸಹಾಯವಾಗುವಂಥ ಒಂದು ಸಾಧನವನ್ನು ಮಾಡಿಸಿಕೊಡಬೇಕೆಂದು ಕೇಳಿಕೊಂಡರು. ಇದು ಬಡಗಿಯ ಕೆಲಸವೆಂದೂ, ಒಂದು ಹಲಗೆ, ಒಂದಿಷ್ಟು ರಟ್ಟು, ಸ್ವಲ್ಪ ಬಣ್ಣ ಇವುಗಳಿಂದ ಎರಡು ವಾರದೊಳಗೆ ತೀರಿಹೋಗುವದೆಂದೂ ನಾವು ಎಣಿಸಿದೆವು. ಆದರೆ ಕೆಲಸಕ್ಕೆ ಕೈಹಾಕಿದ ಮೇಲೆ ಬಡಗಿಯು ಉತ್ತರ ಕೊಡಲಾರದ ಪ್ರಶ್ನೆಗಳು ಅದರೊಳಗಿಂದ ಒಂದೊಂದಾಗಿ ಹೊರಟವು. ಮಗುವಿಗೆ ಸಲ್ಲತಕ್ಕದ್ದು ಕಥೆಯೋ, ಕಥೆ ಹೇಳುವ ಮನುಷ್ಯರೋ? ಹೆದರಿಸುವ ಸಂಗತಿಯನ್ನು ಮಗುವಿನಿಂದ ಮರೆಮಾಡುವದು ದಯೆಯೋ, ಸುಳ್ಳೋ? ಸಾಧನವನ್ನು ಕೊಡುವವರು ನಿಜವಾಗಿ ಯಾರ ಹೊರೆಯನ್ನು ಇಳಿಸುತ್ತಾರೆ? ಇವುಗಳ ವಿಷಯವಾಗಿ ನಮ್ಮೊಳಗೆ ನಡೆದ ವಿಚಾರವನ್ನು ಇಲ್ಲಿ ಬರೆಯುತ್ತೇವೆ. ಕೆಲವು ಸಂಗತಿಗಳಲ್ಲಿ ನಮಗೆ ಈಗಲೂ ಒಮ್ಮತವಿಲ್ಲ.

ಮೊದಲು ಆ ಮನೆಯ ಸ್ಥಿತಿಯನ್ನು ಹೇಳಬೇಕು. ಗೇರುಬೀಜದ ಕಾರ್ಖಾನೆಗೆ ಹೋಗುವ ತಾಯಂದಿರ ಮಕ್ಕಳು ಅಲ್ಲಿರುತ್ತಾರೆ. ನಮ್ಮ ಕರಾವಳಿಯಲ್ಲಿ ಬೀಜ ಒಡೆದು ಸಿಪ್ಪೆ ತೆಗೆಯುವ ಕೆಲಸವು ಬಹುಕಾಲದಿಂದ ಹೆಂಗಸರ ಕೈಯಲ್ಲಿಯೇ ಇರುವದು. ಓಡಿನೊಳಗಿನ ಎಣ್ಣೆ ತಾಗಿದರೆ ಚರ್ಮ ಸುಟ್ಟುಹೋಗುವದರಿಂದ, ಮಗುವನ್ನು ಮಡಿಲಲ್ಲಿಟ್ಟುಕೊಂಡು ಆ ಕೆಲಸವನ್ನು ಮಾಡುವದಕ್ಕಾಗದು. ಹೀಗಿರಲಾಗಿ ಬೆಳಿಗ್ಗೆ ಎಂಟು ಗಂಟೆಗೆ ಬಿಟ್ಟುಹೋದ ಮಗುವನ್ನು ತಾಯಿಯು ತಿರಿಗಿ ಎತ್ತಿಕೊಳ್ಳುವದು ಸಾಯಂಕಾಲ ಐದೂವರೆಗೆ. ಒಂದೂವರೆ ವರುಷದಿಂದ ಐದು ವರುಷದ ವರೆಗಿನ ಹದಿನೆಂಟು ಮಕ್ಕಳು; ಅವರನ್ನು ನೋಡಿಕೊಳ್ಳುವದಕ್ಕೆ ಒಬ್ಬ ಆಯಾ, ಅಡಿಗೆಗೂ ಗುಡಿಸುವದಕ್ಕೂ ಇನ್ನೊಬ್ಬಳು.

ಇದು ಒಂದೂರಿನ ಮಾತಲ್ಲ. ಹೆಂಗಸರು ಬಹಳವಾಗಿ ದುಡಿಯುವ ಕಾರ್ಖಾನೆಗಳಲ್ಲಿ ಶಿಶುಗೃಹವಿರತಕ್ಕದ್ದೆಂದು 1948ರ ಕಾರ್ಖಾನೆಗಳ ಕಾಯಿದೆಯು ವಿಧಿಸಿತು. 1975ನೇ ಅಕ್ಟೋಬರ್ 2ರಂದು ಅಂಗನವಾಡಿಗಳ ಯೋಜನೆಯು ಆರಂಭವಾದಾಗ ನಮ್ಮ ನಾಡಿನಲ್ಲಿ ಮೊದಲು ಅದಕ್ಕೆ ಸೇರಿದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. 2023ರಲ್ಲಿ ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಕೂಸುಗಳಿಗೋಸ್ಕರ ಗ್ರಾಮಪಂಚಾಯತುಗಳಲ್ಲಿ ಕೂಸಿನ ಮನೆಗಳು ಹುಟ್ಟಿದವು. ಆದಕಾರಣ ಹಗಲೆಲ್ಲಾ ಅಜ್ಜಿಯಿಂದ ದೂರವಿರುವ ಮಗುವಿಗೆ ಅಜ್ಜಿಯ ಕಥೆಯು ಎಲ್ಲಿಂದ ಸಿಕ್ಕೀತೆಂಬ ಪ್ರಶ್ನೆಯು ಈಗ ಸಾವಿರಾರು ಮನೆಗಳದಾಗಿದೆ.

ನಾವು ಮೊದಲು ತಂದಿಟ್ಟದ್ದು ಮಾತಾಡುವ ಪೆಟ್ಟಿಗೆ. ಪೇಟೆಯಲ್ಲಿರುವ ಒಬ್ಬ ಉದಾರಿಗಳು ಅದನ್ನು ಕ್ರಯಕ್ಕೆ ಕೊಂಡು ಕೊಟ್ಟಿದ್ದರು. ಅದರ ಮೇಲಿರುವ ಹಸುವಿನ ಚಿತ್ರವನ್ನು ಒತ್ತಿದರೆ ಹಸುವಿನ ಕಥೆ, ನರಿಯ ಚಿತ್ರವನ್ನು ಒತ್ತಿದರೆ ನರಿಯ ಕಥೆ, ಒಳ್ಳೇ ಸ್ಪಷ್ಟವಾದ ಸ್ವರದಲ್ಲಿ, ನಡುನಡುವೆ ಗಂಟೆಯ ನಾದದೊಂದಿಗೆ ಕೇಳಿಬರುವದು. ಮೊದಲನೆಯ ವಾರ ಮಕ್ಕಳಿಗೆ ಹಿಡಿಸಲಾರದಷ್ಟು ಸಂತೋಷ. ನಮ್ಮ ಕೆಲಸ ಮುಗಿಯಿತೆಂದು ನಾವು ಲೆಕ್ಕದ ಪುಸ್ತಕವನ್ನೂ ಮುಚ್ಚಿದೆವು.

ಎರಡನೆಯ ವಾರ ಅಲ್ಲಿಗೆ ಹೋದಾಗ ಕಂಡದ್ದನ್ನು ಹೇಳುತ್ತೇವೆ. ಮೂರು ವರುಷದ ಒಬ್ಬ ಹುಡುಗಿ ಪೆಟ್ಟಿಗೆಯ ಮುಂದೆ ಕುಕ್ಕುರು ಕೂತಿದ್ದಳು. ಪೆಟ್ಟಿಗೆಯು ಹಸು ಕರುಗಳ ಕಥೆಯನ್ನು ಹೇಳುತ್ತಿತ್ತು. ನಡುವೆ ಅವಳು ಬಗ್ಗಿ, ಕಂಜಿ ಎಲ್ಲಿ ಮಲಗಿತೆಂದು ತುಳುವಿನಲ್ಲಿ ಕೇಳಿದಳು. ಕರುವಿಗೆ ಅವಳ ಮನೆಯಲ್ಲಿ ಕಂಜಿ ಎಂದೇ ಹೆಸರು. ಪೆಟ್ಟಿಗೆಯು ತನ್ನ ಪುಸ್ತಕದ ಕನ್ನಡದಲ್ಲಿ ಮುಂದೆ ಹೋಯಿತು. ಅವಳು ಸ್ವಲ್ಪ ಕಾದು, ಇನ್ನೂ ಗಟ್ಟಿಯಾಗಿ ಅದನ್ನೇ ಕೇಳಿದಳು. ಆ ಮೇಲೆ ಪೆಟ್ಟಿಗೆಯನ್ನು ಮಗುಚಿ ಅದರ ಅಡಿಯನ್ನು ನೋಡಿ, ಎದ್ದು ಹೋಗಿ ಕಿಟಕಿಯ ಬಳಿಯಲ್ಲಿ ನಿಂತಳು. ಅಳಲಿಲ್ಲ. ಅತ್ತಿದ್ದರೆ ನಾವು ಅದನ್ನು ಇಷ್ಟು ದಿನ ನೆನಪಿನಲ್ಲಿಡುತ್ತಿರಲಿಲ್ಲವೋ ಏನೋ.

ನಾವು ಕೂಡಲೇ ಆ ಪೆಟ್ಟಿಗೆಯನ್ನು ತೆಗೆದುಕೊಂಡು ಹೋಗುವದಕ್ಕೆ ಸಿದ್ಧರಾದೆವು. ಆಗ ಆಯಾ ಅಡ್ಡಬಂದು, “ಅದನ್ನು ಒಯ್ಯಬೇಡಿರಿ ಅಯ್ಯನವರೇ. ಅದು ಮಾತಾಡುವ ಹೊತ್ತಿನಲ್ಲಿ ನಾನು ಇಬ್ಬರನ್ನು ತೊಳೆದು ಚಾಪೆ ಹಾಸುತ್ತೇನೆ. ನೀವು ಕೊಟ್ಟದ್ದರಲ್ಲಿ ನನಗೆ ಕೆಲಸಕ್ಕೆ ಬಂದದ್ದು ಅದೊಂದೇ” ಎಂದಳು. ಈ ಮಾತನ್ನು ನಾವು ಹಗುರವಾಗಿ ಎಣಿಸಲಾರೆವು. ಹದಿನೆಂಟು ಮಕ್ಕಳ ನಡುವೆ ಒಂದು ಗಂಟೆಯಾದರೂ ನಿಲ್ಲದಿದ್ದವರು, ಆಕೆಯು ಮಕ್ಕಳಿಗೆ ಬಾಯಾರೆ ಕಥೆ ಹೇಳಬೇಕೆಂದು ಉಪದೇಶಮಾಡುವದು ನ್ಯಾಯವಲ್ಲ. ಆದರೂ ಅವಳ ಉತ್ತರದಿಂದಲೇ ನಮಗೆ ಒಂದು ಸಂಗತಿ ಬೆಳಕಿಗೆ ಬಂತು. ಅದೇನಂದರೆ, ಕಥೆ ಹೇಳುವ ಸಾಧನ ಬೇರೆ, ಮಕ್ಕಳನ್ನು ಸುಮ್ಮಗಿರಿಸುವ ಸಾಧನ ಬೇರೆ. ನಾವು ಎರಡನೆಯದನ್ನು ಕೊಟ್ಟು ಮೊದಲನೆಯದರ ಹೆಸರನ್ನು ಅದಕ್ಕೆ ಇಟ್ಟಿದ್ದೆವು. ಆಕೆಗೆ ಬೇಕಾಗಿದ್ದದ್ದು ಇನ್ನೊಂದು ಜೊತೆ ಕೈ. ಕೈಗಳಿಗೆ ತಿಂಗಳು ತಿಂಗಳು ಸಂಬಳ ಕೊಡಬೇಕು, ಪೆಟ್ಟಿಗೆಗೆ ಒಮ್ಮೆ ಕ್ರಯ ಕೊಟ್ಟರೆ ತೀರಿತು; ಆದ್ದರಿಂದಲೇ ದಾನಮಾಡುವವರಿಗೆ ಪೆಟ್ಟಿಗೆಯ ಮೇಲೆ ಪ್ರೀತಿ ಹೆಚ್ಚು.

ಸ್ವರವು ಮಾತ್ರ ಕಿವಿಗೆ ಬಿದ್ದರೆ ಸಾಕು, ಹೇಳುವವರು ಎದುರಿಗೆ ಇದ್ದರೇನು ಇಲ್ಲದಿದ್ದರೇನು ಎಂದು ಕೇಳುವವರುಂಟು. ಅಮೇರಿಕ ದೇಶದಲ್ಲಿ ಪಾಟ್ರೀಷಿಯಾ ಕೂಲ್ ಎಂಬ ವಿದ್ವಾಂಸಿಯೂ ಅವರ ಜೊತೆಗಾರರೂ 2003ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯು ಇದಕ್ಕೆ ತಕ್ಕ ಉತ್ತರವಾಗಿದೆ. ಒಂಭತ್ತು ತಿಂಗಳಿನ ಇಂಗ್ಲಿಷ್ ಮನೆಮಾತಿನ ಕೂಸುಗಳ ಮುಂದೆ ಚೀನೀಭಾಷೆಯನ್ನು ಆಡುವವರು ಹನ್ನೆರಡು ಸಾರಿ ಕೂತು ಪುಸ್ತಕ ಓದಿ ಆಟವಾಡಿದರು. ಆ ಕೂಸುಗಳು ಚೀನೀಭಾಷೆಯ ಧ್ವನಿಭೇದಗಳನ್ನು ಗುರುತಿಸುವವುಗಳಾದವು. ಬೇರೆ ಕೂಸುಗಳಿಗೆ ಅದೇ ಜನರ ಅದೇ ಮಾತನ್ನು ಚಲಚ್ಚಿತ್ರದಲ್ಲಿ ತೋರಿಸಿದರು. ಕೆಲವಕ್ಕೆ ಧ್ವನಿಯನ್ನು ಮಾತ್ರ ಕೇಳಿಸಿದರು. ಇವು ಏನೂ ಕಲಿಯಲಿಲ್ಲ. ಲೋಕಾರೋಗ್ಯ ಸಂಸ್ಥೆಯವರು 2019ರಲ್ಲಿ ಕೊಟ್ಟ ಸಲಹೆಯಲ್ಲಿ ಒಂದು ವರುಷದೊಳಗಿನ ಕೂಸಿಗೆ ಪರದೆಯ ಮುಂದೆ ಕೂಡ್ರುವದು ಬೇಡವೇ ಬೇಡವೆಂದೂ, ಎರಡರಿಂದ ನಾಲ್ಕು ವರುಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಕೂಡದು, ಕಡಿಮೆಯಾದಷ್ಟೂ ಒಳ್ಳೇದೆಂದೂ ಹೇಳಿದ್ದಾರೆ. ನಮ್ಮ ಹುಡುಗಿಗಾದರೋ ಯಾವ ಪರೀಕ್ಷೆಯೂ ಬೇಕಾಗಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಬಾರದ ಕಡೆಯಲ್ಲಿ ಯಾರೂ ಇಲ್ಲವೆಂದು ಅವಳು ತಾನೇ ಪೆಟ್ಟಿಗೆಯನ್ನು ಮಗುಚಿ ತಿಳಿದುಕೊಂಡಳು.

ಹೀಗೆ ಸಾಧನವೆಂದರೇನೆಂಬದನ್ನು ನಾವು ಮೊದಲಿನಿಂದ ಯೋಚಿಸಬೇಕಾಯಿತು. ಆಗ ನಮಗೆ ನೆನಪಿಗೆ ಬಂದವರು ಓಬರ್ಲಿನ್ ಪಾದ್ರಿಗಳು. ಯೋಹಾನ್ ಫ್ರೆಡರಿಕ್ ಓಬರ್ಲಿನ್ ಎಂಬವರು 1740ರಲ್ಲಿ ಹುಟ್ಟಿ, 1767ರಲ್ಲಿ ಅಲ್ಸಾಸ್ ಸೀಮೆಯ ಬೆಟ್ಟಗಳ ನಡುವೆ ವಾಲ್ಡರ್ಸ್‌ಬಾಕ್ ಎಂಬ ಬಡ ಹಳ್ಳಿಯ ಸಭೆಗೆ ಬಂದು, 1826ರಲ್ಲಿ ತೀರಿಹೋಗುವ ವರೆಗೆ ಅಲ್ಲಿಯೇ ಇದ್ದರು. ಅಲ್ಲಿ ತಂದೆತಾಯಿಗಳು ಹೊಲಕ್ಕೆ ಹೋದರೆ ಚಿಕ್ಕ ಮಕ್ಕಳು ಬೀದಿಯಲ್ಲಿ ಉಳಿಯುತ್ತಿದ್ದರು. ಸಾರಾ ಬಾಂಜೆ ಎಂಬ ಒಬ್ಬ ಹಳ್ಳಿಯ ಯುವತಿಯು ಯಾರ ಅಪ್ಪಣೆಯೂ ಇಲ್ಲದೆ ಅಂಥ ಮಕ್ಕಳನ್ನು ಕೂಡಿಸಿ ಹೆಣಿಗೆಯನ್ನು ಕಲಿಸುತ್ತಿದ್ದಳು. ಪಾದ್ರಿಗಳು ಇದನ್ನು ಕಂಡು ಆಕೆಯನ್ನು ಆ ಕೆಲಸಕ್ಕೇ ನೇಮಿಸಿದರು. ಆಕೆಯು 1774ರಲ್ಲಿ ಎಳೆವಯಸ್ಸಿನಲ್ಲಿಯೇ ತೀರಿಕೊಂಡರೂ, ಲೂಯಿಸ್ ಶೆಪ್ಲರ್ ಮೊದಲಾದವರು ಆ ಕೆಲಸವನ್ನು ಹಳ್ಳಿಯಿಂದ ಹಳ್ಳಿಗೆ ಹಬ್ಬಿಸಿದರು. ಬೆಚ್ಚಗಿರುವ ಒಂದು ಕೋಣೆ. ದೊಡ್ಡ ಮಕ್ಕಳ ಕೈಯಲ್ಲಿ ಹೆಣಿಗೆಯ ಕಡ್ಡಿ. ಸಣ್ಣವರು ಸುತ್ತಲೂ ಆಡುತ್ತಿರುವರು. ನಡುವೆ ಆ ಹೆಂಗಸು ಗಿಡ, ಮೃಗ, ಪಕ್ಷಿ, ವೇದಚರಿತ್ರೆ ಇವುಗಳ ಚಿತ್ರಗಳನ್ನು ಹಿಡಿದು ತೋರಿಸಿ ಅವುಗಳ ವಿಷಯವಾಗಿ ಮಾತಾಡುವಳು. ಫ್ರೋಬೆಲನು ಜರ್ಮನಿಯಲ್ಲಿ ತನ್ನ ಕಿಂಡರ್‌ಗಾರ್ಟನ್ನಿಗೆ ಆ ಹೆಸರನ್ನು ಇಟ್ಟದ್ದು 1840ರಲ್ಲಿ. ಆದಕಾರಣ ಈ ಹಳ್ಳಿಯ ಹೆಂಗಸರು ಅವನಿಗಿಂತ ಸುಮಾರು ಎಪ್ಪತ್ತು ವರುಷ ಮುಂದಿನವರು. ಲೂಯಿಸ್ ಶೆಪ್ಲರ್ ಎಂಬಾಕೆಗೆ 1829ರಲ್ಲಿ ಪಾರಿಸಿನ ವಿದ್ವತ್ಸಭೆಯವರು ಸದ್ಗುಣಕ್ಕಾಗಿ ಇಟ್ಟಿರುವ ಮೋಂತಿಯೋನ್ ಬಹುಮಾನವನ್ನು ಕೊಟ್ಟರು.

ಆ ಕೋಣೆಯಲ್ಲಿ ಚಿತ್ರವು ಹೆಂಗಸಿನ ಕೈಯಲ್ಲಿತ್ತು, ಹೆಂಗಸು ಚಿತ್ರದ ಕೈಯಲ್ಲಿರಲಿಲ್ಲ. ಇಷ್ಟು ನಮಗೆ ಮೆಚ್ಚುಗೆಯಾಯಿತು. ಆದರೆ ಮೆಚ್ಚದೆ ಬಿಟ್ಟದ್ದೂ ಉಂಟು. ಆ ಸೀಮೆಯ ಜನರು ಮನೆಯಲ್ಲಿ ತಮ್ಮ ಗ್ರಾಮ್ಯಭಾಷೆಯನ್ನು ಆಡುತ್ತಿದ್ದರು. ಚಿತ್ರದಲ್ಲಿರುವ ಪ್ರತಿಯೊಂದು ವಸ್ತುವಿಗೂ ಮಕ್ಕಳು ಫ್ರೆಂಚ್ ಹೆಸರನ್ನೇ ಹೇಳಬೇಕೆಂಬದು ಪಾದ್ರಿಗಳ ಉದ್ದೇಶ. ಅದರಿಂದ ಮುಂದೆ ಆ ಮಕ್ಕಳಿಗೆ ಪ್ರಯೋಜನವಾಯಿತೆಂಬದು ನಿಜವೇ. ಆದರೂ ಮಗುವಿನ ಬಾಯಲ್ಲಿರುವ ಹೆಸರನ್ನು ತೆಗೆದು ನಮ್ಮದನ್ನು ಇಡುವ ಕೆಲಸವು ಎಷ್ಟು ಮೃದುವಾಗಿ ನಡೆದರೂ ತೆಗೆಯುವದೇ ಸರಿ. ನಮ್ಮ ಶಿಶುಗೃಹದಲ್ಲಿ ಕನ್ನಡ, ತುಳು, ಕೊಂಕಣಿ, ಬ್ಯಾರಿ ಮಾತುಗಳನ್ನಾಡುವ ಮಕ್ಕಳಿದ್ದಾರೆ. ಒಂದೇ ಹಸುವಿಗೆ ಒಬ್ಬನು ದನವೆನ್ನುವನು, ಇನ್ನೊಬ್ಬಳು ಪೆತ್ತವೆನ್ನುವಳು. ಮಾತಾಡುವ ಪೆಟ್ಟಿಗೆಗೆ ಈ ಭೇದ ತಿಳಿಯದು; ಆಯಾಳಿಗೆ ತಿಳಿದಿದೆ. ಕನ್ನಡ ಕಲಿಯಬೇಕು, ಸಂದೇಹವಿಲ್ಲ. ಆದರೆ ಕಥೆಯ ಹೊತ್ತು ಅದಕ್ಕೆ ತಕ್ಕ ಹೊತ್ತೆಂದು ನಮಗೆ ಕಾಣಲಿಲ್ಲ.

ನಾವು ಕಡೆಗೆ ಹಿಡಿದ ಮಾದರಿಯು ಜಪಾನಿನದು. ಅದನ್ನು ಅವರು ಕಾಮಿಶಿಬಾಯಿ ಅನ್ನುತ್ತಾರೆ; ಕಾಗದದ ನಾಟಕವೆಂದರ್ಥ. 1930ರ ಸುಮಾರಿಗೆ ಟೋಕಿಯೋ ಪಟ್ಟಣದಲ್ಲಿ ಕೆಲಸವಿಲ್ಲದ ಅನೇಕ ಗಂಡಸರು ಒಂದು ಮರದ ಚೌಕಟ್ಟನ್ನು ಸೈಕಲಿನ ಹಿಂದೆ ಕಟ್ಟಿಕೊಂಡು ಬೀದಿಬೀದಿ ತಿರುಗಿ, ಎರಡು ಮರದ ತುಂಡುಗಳನ್ನು ತಟ್ಟಿ ಮಕ್ಕಳನ್ನು ಕೂಡಿಸಿ, ಮಿಠಾಯಿ ಮಾರಿ, ಚಿತ್ರಗಳನ್ನು ಒಂದೊಂದಾಗಿ ಎಳೆಯುತ್ತಾ ಕಥೆ ಹೇಳುತ್ತಿದ್ದರು. ಇಮಾಯಿ ಯೋನೆ ಎಂಬ ಒಬ್ಬ ಕ್ರೈಸ್ತ ಸ್ತ್ರೀಯು ಇದನ್ನು ಕಂಡು, 1933ರಲ್ಲಿ ವೇದಚರಿತ್ರೆಯನ್ನೂ ಆ ರೀತಿಯಲ್ಲಿ ಬರೆಯಿಸಿ ಅಚ್ಚುಹಾಕಿಸಿದರು. 1935ರಿಂದ ತಾಕಾಹಾಶಿ ಗೋಜಾನ್ ಎಂಬವರು ಶಿಶುವಿಹಾರಗಳಿಗೆಂದೇ ಅಂಥ ಚಿತ್ರಮಾಲೆಗಳನ್ನು ಹೊರಡಿಸಿದರು. ಇಂದಿಗೂ ಅಲ್ಲಿಯ ಶಿಶುಗೃಹಗಳಲ್ಲಿ ಇದು ನಡೆಯುತ್ತದೆ.

ಇದರ ಯುಕ್ತಿಯು ಬಹು ಸರಳ. ಮುಂದೆ ತೆರೆದಿರುವ ಒಂದು ಚೌಕಟ್ಟು. ಅದರೊಳಗೆ ಹತ್ತು ಹನ್ನೆರಡು ಬಿಡಿ ಹಾಳೆಗಳು. ಮಕ್ಕಳಿಗೆ ಎದುರಾಗಿ ಚಿತ್ರ. ಹೇಳುವವರಿಗೆ ಎದುರಾಗಿ, ಎಲ್ಲಕ್ಕೂ ಹಿಂದಿನ ಹಾಳೆಯ ಬೆನ್ನಿನ ಮೇಲೆ, ಮೊದಲನೆಯ ಚಿತ್ರದ ಮಾತು. ಮೊದಲನೆಯ ಹಾಳೆಯನ್ನು ಪಕ್ಕಕ್ಕೆ ಎಳೆದು ಹಿಂದಕ್ಕೆ ಸೇರಿಸಿದ ಕೂಡಲೆ ಮಕ್ಕಳಿಗೆ ಎರಡನೆಯ ಚಿತ್ರ ಕಾಣುವದು, ಹಿಂದಕ್ಕೆ ಬಂದ ಹಾಳೆಯ ಬೆನ್ನಿನ ಮೇಲೆ ಎರಡನೆಯ ಚಿತ್ರದ ಮಾತು ಹೇಳುವವರಿಗೆ ಕಾಣುವದು. ಅವರು ತಲೆಬಗ್ಗಿಸಿ ಪುಸ್ತಕ ನೋಡಬೇಕಾಗಿಲ್ಲ. ಚೌಕಟ್ಟಿನ ಮೇಲಿಂದ ಮಕ್ಕಳ ಮುಖವನ್ನು ನೋಡುತ್ತಾ ಹೇಳಬಹುದು. ಹಾಳೆಯನ್ನು ಅರ್ಧ ಎಳೆದು ನಿಲ್ಲಿಸಬಹುದು. ಹುಲಿಯ ಬಾಲವನ್ನು ಮಾತ್ರ ತೋರಿಸಿ, ಅದು ಯಾರದೆಂದು ಕೇಳಬಹುದು. ಮುಖ್ಯವಾಗಿ, ಯಾರೂ ಎಳೆಯದಿದ್ದರೆ ಈ ಸಾಧನವು ಬರೇ ಒಂದು ಪೆಟ್ಟಿಗೆ. ತನ್ನಷ್ಟಕ್ಕೆ ಒಂದಕ್ಷರವನ್ನೂ ಹೇಳಲಾರದು. ಈ ಅಶಕ್ತಿಯನ್ನೇ ನಾವು ಅದರ ದೊಡ್ಡ ಗುಣವೆಂದು ಎಣಿಸಿದೆವು.

ಆದರೆ ಮನುಷ್ಯರ ಕೈಯಲ್ಲಿರುವದೆಲ್ಲಾ ಒಳ್ಳೇದೆಂದು ಯಾರೂ ತಿಳಿಯಬಾರದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದೇ ಜಪಾನಿನಲ್ಲಿ ಅದೇ ಚೌಕಟ್ಟುಗಳೊಳಗೆ ಯುದ್ಧಕ್ಕೆ ಹಣ ಕೂಡಿಸಿರಿ, ಮಕ್ಕಳನ್ನು ಒಪ್ಪಿಸಿರಿ ಎಂಬ ಚಿತ್ರಗಳನ್ನು ಸೇರಿಸಿ ಹಳ್ಳಿಹಳ್ಳಿಗೆ ಕಳುಹಿಸಿದರು. ಮಿಠಾಯಿಯ ನೆನಪಿನಿಂದ ಓಡಿಬಂದ ಮಕ್ಕಳು ಅದನ್ನೂ ಬಾಯಿತೆರೆದು ಕೇಳಿದರು. ಹೇಳುವವರು ಮಕ್ಕಳ ಮುಖವನ್ನು ನೋಡದೆ, ಹಾಳೆಯ ಬೆನ್ನಿನ ಮೇಲೆ ಯಾರೋ ಬರೆದುಕೊಟ್ಟದ್ದನ್ನು ಓದಿದರೆ, ಅವರಿಗೂ ನಮ್ಮ ಮಾತಾಡುವ ಪೆಟ್ಟಿಗೆಗೂ ಬಹಳ ಭೇದವಿಲ್ಲ.

ಈ ಭಯದಿಂದಲೇ ಹಾಳೆಗಳ ಬೆನ್ನಿನ ಮೇಲೆ ಏನು ಬರೆಯಬೇಕೆಂಬ ವಿಷಯದಲ್ಲಿ ನಮ್ಮ ಸಮಿತಿಯಲ್ಲಿ ವಾದವೆದ್ದಿತು. ಪ್ರತಿ ಕಥೆಯ ಕೊನೆಗೆ ಅದರ ನೀತಿಯನ್ನು ದಪ್ಪಕ್ಷರದಲ್ಲಿ ಬರೆಯಿಸಬೇಕೆಂದು ಒಬ್ಬರು ಹಟಹಿಡಿದರು. ನಮ್ಮ ಮಾಸಪತ್ರಿಕೆಗಳಲ್ಲಿಯೂ ಕಥೆಯ ಬಾಲಕ್ಕೆ ನೀತಿಯನ್ನು ಕಟ್ಟಿಬಿಡುವ ವಾಡಿಕೆಯುಂಟು; ನಾವೂ ಅದರಲ್ಲಿ ದೋಷಿಗಳು. ಆದರೆ ಮೂರು ನಾಲ್ಕು ವರುಷದ ಮಗುವಿನ ಮುಂದೆ, ಇದರಿಂದ ನೀನು ತಿಳಿಯತಕ್ಕದ್ದೇನಂದರೆ ಎಂದು ಆರಂಭಿಸಿದ ಕೂಡಲೆ ಅದು ತನ್ನ ಕಾಲಿನ ಬೆರಳನ್ನು ನೋಡತೊಡಗುವದು. ಮಕ್ಕಳನ್ನು ತಿದ್ದುವದಕ್ಕೆ ಕಥೆಯನ್ನು ಕೊಕ್ಕೆಯಾಗಿ ಹಿಡಿದಿದ್ದೇವೆಂಬದು ಅವಕ್ಕೆ ಬೇಗ ತಿಳಿಯುತ್ತದೆ. ಕಡೆಗೆ ಪ್ರತಿ ಹಾಳೆಯ ಬೆನ್ನಿಗೆ ಎರಡು ಮೂರು ಸಾಲುಗಳನ್ನೂ ಮಕ್ಕಳನ್ನು ಕೇಳಬಹುದಾದ ಒಂದು ಪ್ರಶ್ನೆಯನ್ನೂ ಮಾತ್ರ ಬರೆಯುವದೆಂದು ನಿಶ್ಚಯವಾಯಿತು. ಹಟಹಿಡಿದವರ ಮನಸ್ಸನ್ನು ನೋಯಿಸಬಾರದೆಂದು ಒಂದು ಕಥೆಗೆ ನೀತಿಯನ್ನೂ ಬರೆಯಿಸಿದೆವು. ಆಯಾ ಅದನ್ನು ಇದುವರೆಗೆ ಓದಿಲ್ಲ.

ಮಾಡಿಸಿದ ರೀತಿಯನ್ನು ಸಂಕ್ಷೇಪವಾಗಿ ಹೇಳುತ್ತೇವೆ, ಬೇರೆ ಸಭೆಯವರಿಗೆ ಉಪಯೋಗವಾದೀತು. ಹಾಳೆಯ ಅಗಲ ಸುಮಾರು 38 ಸೆಂಟಿಮೀಟರು, ಎತ್ತರ 26. ಜಪಾನಿನವರ ಅಳತೆಯೂ ಇಷ್ಟೇ. ಹಿಂದೆ ಕೂತ ಮಗುವಿಗೂ ಕಾಣಬೇಕಾದ್ದರಿಂದ ಒಂದು ಚಿತ್ರದಲ್ಲಿ ಒಂದೇ ಸಂಗತಿ, ದಪ್ಪ ಗೆರೆ. ಚೌಕಟ್ಟಿಗೆ ಮೊದಲು ಕಬ್ಬಿಣದ ಬಿಜಾಗರಿಯ ಎರಡು ಬಾಗಿಲುಗಳನ್ನು ಇಡಿಸಿದ್ದೆವು. ಅದರಲ್ಲಿ ಅಡಿಗೆಯವಳ ಬೆರಳೇ ಸಿಕ್ಕಿಕೊಂಡಿತು. ಮಗುವಿನ ಬೆರಳಾಗಲಿಲ್ಲವೆಂದು ನಾವು ಸಮಾಧಾನಪಟ್ಟದ್ದಕ್ಕೆ ಆಕೆಯು ಸರಿಯಾಗಿಯೇ ಸಿಟ್ಟಾದಳು. ಈಗ ಬಾಗಿಲುಗಳಿಲ್ಲ, ಮುಂದೆ ಒಂದು ಬಟ್ಟೆಯ ಪರದೆ. ಸುಮಾರು 32 ಮಿಲ್ಲಿಮೀಟರು ಅಗಲದ ಬಳೆಯೊಳಗೆ ಹೋಗುವಂಥ ಯಾವ ಬಿಡಿ ತುಂಡೂ ಮೂರು ವರುಷದೊಳಗಿನವರ ಬಳಿಯಲ್ಲಿ ಇರಕೂಡದು, ಅದು ಗಂಟಲಿಗೆ ಸಿಕ್ಕೀತು. ಬಣ್ಣವನ್ನು ಕೊಳ್ಳುವಾಗ ಸೀಸವಿಲ್ಲದ್ದೆಂದು ಡಬ್ಬಿಯ ಮೇಲೆ ನೋಡಿ ಕೊಳ್ಳಬೇಕು. 2016ರ ನಿಯಮಗಳ ಪ್ರಕಾರ ಮನೆಬಣ್ಣಗಳಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರುವ ಹಾಗಿಲ್ಲ. ಗುಂಡಿಯಂಥ ಸಣ್ಣ ಬ್ಯಾಟರಿಯುಳ್ಳ ಆಟದ ಸಾಮಾನುಗಳನ್ನು ಯಾರಾದರೂ ದಾನಕೊಟ್ಟರೆ ದಯವಿಟ್ಟು ಪರೀಕ್ಷಿಸಿರಿ. ಅದನ್ನು ಮಗು ನುಂಗಿದರೆ ಎರಡು ತಾಸಿನೊಳಗೆ ಅನ್ನನಾಳವು ಸುಡಬಹುದು. ಮಳೆಗಾಲದಲ್ಲಿ ನಮ್ಮ ರಟ್ಟಿನ ಹಾಳೆಗಳೆಲ್ಲಾ ಹಪ್ಪಳದಂತೆ ಬಾಗಿದವು. ಅದಕ್ಕೆ ಇನ್ನೂ ಪರಿಹಾರ ಸಿಕ್ಕಲಿಲ್ಲ.

ಮೊದಲನೆಯ ಕಥೆಯಾಗಿ ಎಲ್ಲರಿಗೂ ತಿಳಿದಿರುವ ಪುಣ್ಯಕೋಟಿಯ ಕಥೆಯನ್ನೇ ತೆಗೆದುಕೊಂಡೆವು. ಒಂಭತ್ತು ಹಾಳೆಗಳು. ಎಂಟನೆಯದರಲ್ಲಿ ಹಸುವು ಮಾತು ತಪ್ಪದೆ ಹುಲಿಯ ಮುಂದೆ ಬಂದು ನಿಂತಿದೆ. ಒಂಭತ್ತನೆಯದರಲ್ಲಿ ಹುಲಿಯು ಪ್ರಾಣ ಬಿಡುತ್ತದೆ. ನಮ್ಮ ಚಿತ್ರಕಾರನು ಅದನ್ನು ಚೆನ್ನಾಗಿಯೇ ಬರೆದಿದ್ದನು, ಬೇಕಾದದ್ದಕ್ಕಿಂತ ಚೆನ್ನಾಗಿ. ಐದು ವರುಷದ ಒಬ್ಬ ಹುಡುಗನು ಪ್ರತಿದಿನ ಆ ಒಂಭತ್ತನೆಯ ಹಾಳೆಯೇ ಬೇಕೆಂದು ಹಟಮಾಡುವನು. ನೋಡಿ ತೃಪ್ತನಾಗಿ ಊಟಕ್ಕೆ ಹೋಗುವನು. ನಾಲ್ಕು ವರುಷದ ಒಬ್ಬ ಹುಡುಗಿಯು ಅದನ್ನು ಎಳೆಯುವದಕ್ಕೆ ಮುಂಚೆಯೇ ಆಯಾಳ ಸೆರಗಿನಲ್ಲಿ ಮುಖವನ್ನು ಹುದುಗಿಸುವಳು. ಆ ಮಧ್ಯಾಹ್ನ ನಿದ್ದೆಮಾಡುವದಿಲ್ಲ. ಅವಳ ತಾಯಿ ಬಂದು, ಆ ಚಿತ್ರವನ್ನು ಹರಿದುಹಾಕಿರೆಂದು ಕೇಳಿಕೊಂಡಳು.

ಇದನ್ನು ಕುರಿತು ನಾವು ಎರಡು ಸಾಯಂಕಾಲ ಮಾತಾಡಿದೆವು. ನಮ್ಮ ಹಿರಿಯರೊಬ್ಬರು, ಹುಲಿಯ ಮರಣವನ್ನು ತೆಗೆದರೆ ಹಸುವಿನ ಸತ್ಯವು ಅಗ್ಗವಾಗುವದು, ಮಕ್ಕಳಿಗೆ ಸಿಹಿಯನ್ನೇ ಕೊಟ್ಟು ಬೆಳಿಸಿದರೆ ಮುಂದೆ ಲೋಕವು ಅವರನ್ನು ಹಾಗೆ ಬೆಳಿಸದೆಂದರು. ಸಮಾಜದ ಒಬ್ಬ ತಾಯಿ, ನಾಲ್ಕು ವರುಷದವಳಿಗೆ ಸತ್ಯದ ಬೆಲೆಗಿಂತ ಮಧ್ಯಾಹ್ನದ ನಿದ್ದೆ ದೊಡ್ಡದೆಂದರು. ಇಬ್ಬರೂ ಬಲ್ಲವರೇ. ಆದರೆ ಇಬ್ಬರೂ ಹದಿನೆಂಟು ಮಕ್ಕಳಿಗೂ ಒಂದೇ ತೀರ್ಪನ್ನು ಕೊಡುವದಕ್ಕೆ ನೋಡಿದರು. ನಮಗೆ ತಪ್ಪೆಂದು ಕಂಡದ್ದು ಅದೇ. ಹುಡುಗನಿಗೆ ಆ ಹಾಳೆ ಬೇಕು, ಹುಡುಗಿಗೆ ಬೇಡ. ಇಂದು ಬೇಡವಾದದ್ದು ದಸರೆಯ ಹೊತ್ತಿಗೆ ಬೇಕಾಗಬಹುದು. ಇದನ್ನು ಮುಂಚಿತವಾಗಿ ಅಚ್ಚಿನಲ್ಲಿಯೂ ಧ್ವನಿಮುದ್ರಣದಲ್ಲಿಯೂ ನಿಶ್ಚಯಿಸಿ ಕಳುಹಿಸುವವನು ಆ ಮಕ್ಕಳನ್ನು ಕಂಡವನಲ್ಲ. ಸೆರಗಿನಲ್ಲಿ ಮುಖವಿಟ್ಟದ್ದನ್ನು ಕಂಡವಳೇ ನಿಶ್ಚಯಿಸಬೇಕು. ಆದಕಾರಣ ನಾವು ಹಾಳೆಯನ್ನು ಹರಿಯಲಿಲ್ಲ. ತೋರಿಸಬೇಕೆಂದು ಕಟ್ಟುಮಾಡಲೂ ಇಲ್ಲ.

ಇಲ್ಲಿಗೆ ಮುಗಿಯಲಿಲ್ಲ. ಹಾಳೆಯನ್ನು ಒಳಗಿಟ್ಟುಕೊಳ್ಳುವ ಅಧಿಕಾರ ಆಯಾಳಿಗಿದ್ದರೆ, ಮಗುವು, “ಅಕ್ಕಾ, ಹುಲಿ ಏನಾಯಿತು?” ಎಂದು ಕೇಳಿದಾಗ, ಅದು ಕಾಡಿಗೆ ಓಡಿಹೋಗಿ ಸುಖವಾಗಿದೆಯೆಂದು ಹೇಳುವ ಅಧಿಕಾರವೂ ಉಂಟೋ? ಇಲ್ಲವೆಂದು ನಮ್ಮ ಅಭಿಪ್ರಾಯ. ಹೇಳದೆ ಬಿಡುವದು ಬೇರೆ, ಇಲ್ಲದ್ದನ್ನು ಹೇಳುವದು ಬೇರೆ. ಕಥೆಯೇ ಕಲ್ಪಿತವಾಗಿರುವಾಗ ಅದರೊಳಗೆ ಸತ್ಯವೇನು ಸುಳ್ಳೇನು ಎಂದು ಒಬ್ಬರು ನಕ್ಕರು. ಆದರೆ ಮಗು ಕೇಳಿದ್ದು ಹುಲಿಯನ್ನಲ್ಲ, ಅಕ್ಕನನ್ನು; ನಾಳೆ ಆ ಹುಡುಗನ ಬಾಯಿಂದ ಕಥೆಯ ಕೊನೆ ತಿಳಿದಾಗ ಅವಳ ಮನಸ್ಸಿನಲ್ಲಿ ಕೆಡುವದು ಹುಲಿಯ ಮಾತಲ್ಲ, ಅಕ್ಕನ ಮಾತು. ಮಾತಿಗೆ ತಪ್ಪದ ಹಸುವಿನ ಕಥೆಯನ್ನು ಹೇಳುತ್ತಾ ಹಾಗೆ ಮಾಡುವದು ವಿಶೇಷವಾಗಿ ಅಸಹ್ಯ.

ಆಯಾ ನಮ್ಮ ವಾದವನ್ನು ಕೇಳಿದವಳಲ್ಲ. ಹುಡುಗಿಯು ಕೇಳಿದ ದಿನ ಅವಳು ಕೊಟ್ಟ ಉತ್ತರವು ಹೀಗೆ: “ಅದನ್ನು ಇನ್ನೊಂದು ದಿನ ಹೇಳುತ್ತೇನೆ ಮಗಾ. ಈವತ್ತು ಕರು ಹಾಲು ಕುಡಿಯಲಿ.” ನಮ್ಮ ಹಿರಿಯರು ಇದನ್ನು ಜಾರಿಕೊಳ್ಳುವ ಮಾತೆಂದರು. ನಮಗಾದರೋ, ಇನ್ನೊಂದು ದಿನ ಹೇಳುತ್ತೇನೆಂಬದು ಕೊಟ್ಟ ಮಾತಾಗಿಯೂ ಅದನ್ನು ತೀರಿಸತಕ್ಕ ದಿನವನ್ನು ಮಗುವೇ ನೇಮಿಸಬೇಕಾಗಿಯೂ ಕಂಡಿತು. ಐದಾರು ವಾರಗಳ ಮೇಲೆ ಆ ಹುಡುಗಿಯು ಸೆರಗನ್ನು ಬಿಡದೆ ಹಿಡಿದುಕೊಂಡು ಒಂದೇ ಕಣ್ಣಿನಿಂದ ಒಂಭತ್ತನೆಯ ಹಾಳೆಯನ್ನು ನೋಡಿ, “ಹುಲಿಗೆ ಅಮ್ಮ ಇಲ್ಲವಾ?” ಎಂದಳಂತೆ. ಹಾಳೆಯ ಬೆನ್ನಿನ ಮೇಲೆ ಅದಕ್ಕೆ ಉತ್ತರ ಬರೆದಿರಲಿಲ್ಲ. ಆಯಾ, ನನಗೂ ಗೊತ್ತಿಲ್ಲವೆಂದು ಹೇಳಿ ಮಿಕ್ಕ ಮಕ್ಕಳನ್ನು ಕೇಳಿದಳು; ಊಟಕ್ಕೆ ಹೊತ್ತಾಗುವ ವರೆಗೆ ಮಕ್ಕಳು ಹುಲಿಯ ತಾಯಿಯ ವಿಷಯವಾಗಿ ಜಗಳಾಡಿದರು. ಆ ದಿನ ಊಟ ಅರ್ಧ ಗಂಟೆ ತಡವಾಯಿತೆಂದು ಅಡಿಗೆಯವಳು ನಮಗೆ ದೂರುಹೇಳಿದಳು.

ತನಗೆ ಕಥೆ ಹೇಳಲು ಬಾರದೆಂದು ಆರಂಭದಲ್ಲಿ ಆಯಾ ಹಿಂಜರಿದದ್ದುಂಟು. ಅವಳು ಏಳನೆಯ ತರಗತಿಯ ವರೆಗೆ ಮಾತ್ರ ಓದಿದವಳು. ಮೊದಲ ತಿಂಗಳು ಬೆನ್ನಿನ ಸಾಲುಗಳನ್ನು ಅಕ್ಷರ ಬಿಡದೆ ಓದಿದಳು. ಈಗ ಹಾಳೆಗಳನ್ನು ಹಿಂದುಮುಂದಾಗಿ ಸೇರಿಸಿಟ್ಟರೂ ಅವಳಿಗೆ ತೊಂದರೆಯಿಲ್ಲ. ಅವಳ ಅಜ್ಜಿಯು ಗದ್ದೆಯಲ್ಲಿ ನೇಜಿ ನೆಡುವಾಗ ಹೇಳುತ್ತಿದ್ದ ಒಂದು ತುಳು ಕಥೆಗೆ ಚಿತ್ರ ಬರೆಯಿಸಿಕೊಡಿರೆಂದು ಕೇಳಿದ್ದಾಳೆ. ಅದರಲ್ಲಿ ಒಂದು ಏಡಿಯೂ ಒಬ್ಬ ಮುದುಕನೂ ಬರುತ್ತಾರೆ. ಕೊನೆಯು ಬಹಳ ನ್ಯಾಯವಾದದ್ದೆಂದು ಹೇಳಲಾರೆವು, ಆದರೂ ಬರೆಯಿಸುವದಾಗಿ ಒಪ್ಪಿದ್ದೇವೆ.

ಇನ್ನು ಆ ಮಾತಾಡುವ ಪೆಟ್ಟಿಗೆಯ ಸಂಗತಿ. ಅದನ್ನು ನಾವು ತರಲಿಲ್ಲ. ಆಯಾ ಕೇಳಿಕೊಂಡಂತೆ ಅಲ್ಲಿಯೇ ಬಿಟ್ಟೆವು. ಅದರಂಥ ಇನ್ನೊಂದನ್ನು ಕೊಳ್ಳುವದಕ್ಕೆಂದು ಆ ಉದಾರಿಗಳು ಕೊಟ್ಟಿದ್ದ ಹಣವನ್ನು, ಅವರ ಅಪ್ಪಣೆಯನ್ನು ಪಡೆದು, ಮಧ್ಯಾಹ್ನ ಹನ್ನೊಂದರಿಂದ ಎರಡು ಗಂಟೆಯ ವರೆಗೆ ಇನ್ನೊಬ್ಬ ಸಹಾಯಕಿಯನ್ನು ಇಡುವದಕ್ಕೆ ಉಪಯೋಗಿಸಿದ್ದೇವೆ. ಅವಳು ಬಂದ ಮೇಲೆ ಪೆಟ್ಟಿಗೆಯನ್ನು ಒತ್ತುವದು ಕಡಿಮೆಯಾಗಿದೆ. ಆ ಹಣವು ಮೂರು ತಿಂಗಳಿಗೆ ಸಾಕಾಗುವದು. ಚೌಕಟ್ಟಿಗೆ ಹಣ ಕೇಳಿದಾಗ ಸಭೆಯವರು ಒಂದೇ ಆದಿತ್ಯವಾರದಲ್ಲಿ ಕೊಟ್ಟರು. ಸಹಾಯಕಿಯ ಸಂಬಳಕ್ಕೆಂದು ಕೇಳಿದಾಗ, ಅದು ವರುಷವರುಷದ ಖರ್ಚಲ್ಲವೋ ಎಂದು ಯೋಚನೆಗೆ ಬಿದ್ದಿದ್ದಾರೆ. ಮುಂದಿನ ತಿಂಗಳ ಸಮಿತಿಯ ಕೂಟದಲ್ಲಿ ಈ ವಿಷಯವು ತಿರಿಗಿ ಬರುವದು.